ಬೆನ್ನಿಗೆ ಗಾಳಿ ಕಟ್ಟಿಕೊಂಡು ಮುಳುಗಿದ್ದು

ನಾನು ನೀರಿಗೆ ಇಳಿದಾಗಲೆಲ್ಲ ನಗುವುದಕ್ಕೆ ಏನಾದರೊಂದು ನನ್ನ ಜೊತೆ ಮೇಲಕ್ಕೆ ಬಂದಿದೆ. ಶಿಡ್ಲಘಟ್ಟದ ಕಡೆ ಹುಟ್ಟಿದವನು ನಾನು. ನಮಗೆ ಕೆರೆ ಗೊತ್ತು, ಬಾವಿ ಗೊತ್ತು, ಸಮುದ್ರ ಕ್ಯಾಲೆಂಡರಿನ ಚಿತ್ರದಲ್ಲಿ ಗೊತ್ತು. ಅಂಥವನಿಗೆ ಬಂದರಿನಲ್ಲಿ, ಹಡಗುಗಳ ಅಡಿಗೆ ಮುಳುಗಿ ನೋಡುವ ಕೆಲಸ ಸಿಕ್ಕಿತು. ಸಿಕ್ಕಿದ್ದಕ್ಕೆ ಋಣ ತುಂಬ ಜನರದ್ದಿದೆ. ಒಂದು ಆಮೆಯದ್ದೂ ಇದೆ.

ಮೊದಲ ಮೇಷ್ಟ್ರು

ಐವತ್ತರ ದಶಕ. ಹೈಸ್ಕೂಲಿಗೆ ಬಂದರೂ ನನಗೆ ಈಜು ಬರುತ್ತಿರಲಿಲ್ಲ. ಮೇಲೂರಿನಲ್ಲಿದ್ದ ಸೋದರತ್ತೆ ಗಂಡಸರನ್ನೂ ಮೀರಿಸಿ ಈಜೋರು. ಬೇಸಿಗೆ ರಜೆಯಲ್ಲಿ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ತೋಟದ ಬಾವಿಗೆ ಇಳಿಸಿದರು.

"ಮೆಟ್ಟಿಲು ಬಿಡೋ!"

"ಬಿಡಲ್ಲ ಅತ್ತೆ!"

ವಾರ ಕಳೆದರೂ ನಾನು ಮೆಟ್ಟಿಲು ಬಿಡಲಿಲ್ಲ. ಒಂದು ಬೆಳಿಗ್ಗೆ ಅದೇ ಮೆಟ್ಟಿಲ ಸಂದಿಯಿಂದ ತಣ್ಣಗಿನದೇನೋ ನನ್ನ ಕಾಲಿಗೆ ತಾಗಿತು. ಬಗ್ಗಿ ನೋಡಿದೆ. ಬಾವಿಯ ಆಮೆ ಕತ್ತು ಚಾಚಿ ನನ್ನನ್ನೇ ನೋಡುತ್ತಿತ್ತು. ಕಿರುಚಿಕೊಂಡು ಹೊರಟವನು ಎದುರು ಗೋಡೆ ಮುಟ್ಟಿದ್ದೆ. ಬುರುಡೆ ಮಾತ್ರ ದಾರ ಹರಿದುಕೊಂಡು ಬಾವಿಯ ನಡುವೆ ತೇಲುತ್ತಿತ್ತು.

ನಾನು ಈಜು ಕಲಿತೆ ಅಂತ ಅಪ್ಪ ಅತ್ತೆಗೆ ಸೀರೆ ಕೊಡಿಸಲು ಬಂದರು. ಅತ್ತೆ ಬಾವಿ ಕಡೆ ಕೈ ತೋರಿಸಿ, "ಕಲಿಸಿದೋರು ಅಲ್ಲಿ ಅವ್ರೆ ಕಣಣ್ಣ. ಅವ್ರಿಗೆ ಸೀರೆ ಆಗಲ್ಲ" ಅಂದರು.

ಕೈಮುಗಿದ ತಪ್ಪಿಗೆ

ಕೆಲಸಕ್ಕೆ ಸೇರಿದ ಮೇಲೆ, ಕೇರಳದಾಚೆಯ ದ್ವೀಪವೊಂದರ ಹತ್ತಿರ ನಿಂತಿದ್ದ ಹಡಗಿನ ತಳ ನೋಡಲು ನನ್ನನ್ನು ಇಳಿಸಿದರು. ಬೆನ್ನ ಮೇಲೆ ಗಾಳಿ ತುಂಬಿದ ಸಿಲಿಂಡರು, ಬಾಯಲ್ಲಿ ಅದರ ಕೊಳವೆ, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ದೋಣಿಯಲ್ಲಿದ್ದ ಸಾಹೇಬರ ಕೈಯಲ್ಲಿ. ಹಗ್ಗ ಜಗ್ಗಿದರೆ ಅಪಾಯ, ಕೂಡಲೇ ಎಳೆಯಿರಿ ಅಂತ ಅರ್ಥ.

ನೀರು ಗಾಜಿನ ಹಾಗಿತ್ತು. ತಲೆಯ ಮೇಲೆ ಏನೋ ಕಪ್ಪಗೆ ಹಾದು ಬೆಳಕು ಮುಚ್ಚಿತು. ತಿಮಿಂಗಿಲವೋ, ಇನ್ನೇನೋ, ಇವತ್ತಿಗೆ ನನ್ನ ಕಥೆ ಮುಗೀತು ಅಂದುಕೊಂಡೆ. ಅದು ಮೆಲ್ಲಗೆ ಕೆಳಗಿಳಿದು ನನ್ನ ಪಕ್ಕಕ್ಕೇ ಬಂತು. ನೋಡಿದರೆ ಆಮೆ! ನಮ್ಮ ಮನೆಯ ಕಣಜದ ಮುಚ್ಚಳದಷ್ಟು ದೊಡ್ಡದು. ಅವಸರವೇ ಇಲ್ಲದೆ, ರೆಕ್ಕೆಯಂಥ ಕೈ ಬೀಸುತ್ತ ನನ್ನ ಜೊತೆಗೇ ಸಾಗಿತು. ವಯಸ್ಸಾದ ಅದರ ಕಣ್ಣು ನೋಡಿ ನನ್ನ ಭಯವೆಲ್ಲ ಇಳಿದುಹೋಯಿತು. ಕೂರ್ಮಾವತಾರ ಎದುರಿಗೇ ಬಂದಿದೆ, ಸುಮ್ಮನಿರುವುದು ಹೇಗೆ? ಎರಡೂ ಕೈ ಜೋಡಿಸಿ ಹಣೆಗೆ ಒತ್ತಿಕೊಂಡೆ.

ಸೊಂಟದ ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ ಅನ್ನುವುದು ಮರೆತೇಹೋಗಿತ್ತು. ಕೈ ಎತ್ತಿದ ರಭಸಕ್ಕೆ ಹಗ್ಗ ಜಗ್ಗಿತು.

ಮೇಲಿನವರು ಬಾವಿಯಿಂದ ಬಿಂದಿಗೆ ಸೇದಿದ ಹಾಗೆ ನನ್ನನ್ನು ಎಳೆದು ದೋಣಿಗೆ ಹಾಕಿದರು. ಸಾಹೇಬರ ಮುಖ ಬಿಳಿಚಿಕೊಂಡಿತ್ತು. "ಏನಾಯ್ತು?"

"ದೇವರು ಕಂಡ ಸಾರ್."

ಸಾಹೇಬರು ಪಕ್ಕದವನಿಗೆ, "ಇವನ ಸಿಲಿಂಡರಿನ ಗಾಳಿ ಪರೀಕ್ಷೆ ಮಾಡು" ಅಂದರು.

ಫೋಟೋ

ರಜೆಗೆ ಬಂದಾಗ ಅತ್ತೆಗೆ ತೋರಿಸಲೆಂದೇ ಒಂದು ಫೋಟೋ ತಂದಿದ್ದೆ. ಸಿಲಿಂಡರು ಹೊತ್ತು, ಎದೆ ಉಬ್ಬಿಸಿ ನಿಂತಿದ್ದೆ. ನನ್ನನ್ನು ಇಷ್ಟು ದೂರ ಮುಟ್ಟಿಸಿದ್ದು ಅವರ ಬಾವಿ ಅಂತ ಹೇಳಬೇಕು, ಕಾಲಿಗೆ ಬೀಳಬೇಕು ಅಂತಿದ್ದೆ. ಅತ್ತೆ ಫೋಟೋವನ್ನು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದರು. ಕಣ್ಣು ಒರೆಸಿಕೊಂಡರು. ಆಮೇಲೆ ಕೇಳಿದರು:

"ಇಷ್ಟು ವಯಸ್ಸಾದ್ರೂ ಇನ್ನೂ ಬುರುಡೆ ಬಿಟ್ಟಿಲ್ವೇನೋ?"

ಚಿಂತಾಮಣಿಯ ಉಪ್ಪಿಟ್ಟು

ಅದೇ ರಜೆಯಲ್ಲಿ ಚಿಂತಾಮಣಿಗೆ ಹೆಣ್ಣು ನೋಡಲು ಹೋದೆವು. ತೆಲುಗು ಮಾತಾಡುವ ಮನೆ. ಹುಡುಗಿಯ ತಂದೆ ನನ್ನ ಕೆಲಸ ಏನೆಂದು ಕೇಳಿದರು. ಅಪ್ಪ ಹೆಮ್ಮೆಯಿಂದ, "ನಮ್ಮ ಹುಡುಗ ಸಮುದ್ರದಲ್ಲಿ ಮುಳುಗ್ತಾನೆ" ಅಂದುಬಿಟ್ಟರು.

ಅವರು ಹೌಹಾರಿದರು. "ಅಯ್ಯೋ ದೇವುಡಾ! ಮುಳುಗೋ ಗಂಡಿಗೆ ಯಾರಾದ್ರೂ ಹೆಣ್ಣು ಕೊಡ್ತಾರಾ ಸ್ವಾಮಿ?"

ಅಪ್ಪ ಸಂಬಳ ಹೇಳಿದರು, ಪಿಂಚಣಿ ಹೇಳಿದರು. ನಾನು ಗಾಳಿಯ ವಿಷಯ ಬಿಡಿಸಿ ಹೇಳಿದೆ. ಹೇಳಿದಷ್ಟೂ ಅವರ ಮುಖ ಸಣ್ಣದಾಯಿತು. ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು. ನನಗೋ, ತಟ್ಟೆ ಕೊಡುವಾಗ ಅರೆಗಳಿಗೆ ಕಂಡಿದ್ದ ಆ ಹುಡುಗಿ ಆಗಲೇ ಮನಸ್ಸಿಗೆ ಬಂದಿದ್ದಳು.

ಬಾಗಿಲ ಹಿಂದಿನಿಂದ ಅವಳು ತಂದೆಗೆ ಹೇಳಿದ್ದು ಕೇಳಿತು: "ಇಷ್ಟು ವರ್ಷದಿಂದ ಮುಳುಗ್ತಾ ಇರೋರು ಈಗ ನಮ್ಮನೇಲಿ ಎರಡನೇ ಸಲ ಉಪ್ಪಿಟ್ಟು ಹಾಕಿಸ್ಕೊಂಡ್ರಲ್ಲ ನಾಯ್ನಾ. ಮುಳುಗಿಹೋದೋರು ಹಾಕಿಸ್ಕೊತಾರಾ?"

ಮನೆಯೆಲ್ಲ ನಕ್ಕಿತು. ಅಪ್ಪ ಮತ್ತೆ ಕೂತರು. ಮದುವೆಯಾಯಿತು. ಆ ಒಂದು ಮಾತಿಗೆ ನಾನು ಇವತ್ತಿಗೂ ಅವಳಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಎದುರಿಗೆ ಮುಗಿದರೆ ನಗುತ್ತಾಳೆ.

ಮಾವನವರು ಮಾತ್ರ ಕೊನೆವರೆಗೂ ನನ್ನ ಕೆಲಸದ ಹೆಸರು ಬಾಯಿಬಿಟ್ಟು ಹೇಳಲಿಲ್ಲ. ಅಳಿಯಂದಿರು ಏನು ಮಾಡ್ತಾರೆ ಅಂತ ಯಾರಾದರೂ ಕೇಳಿದರೆ, "ಸರ್ಕಾರಿ ಕೆಲಸ" ಅನ್ನುತ್ತಿದ್ದರು.

"ಯಾವ ಇಲಾಖೆ?"

ಮಾವನವರು ಆಚೆ ಈಚೆ ನೋಡಿ, ದನಿ ತಗ್ಗಿಸಿ, "ಕೆಳಗಡೆ" ಅನ್ನುತ್ತಿದ್ದರು.