ಎರಡು ಪೆಟ್ಟಿನ ಗಂಟೆ

ಜಂಬ ಪಡುವುದಕ್ಕೆ ಓದು ಬೇಕಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ, ನಾನೇ ಇದ್ದೇನೆ. ಓದಿದವರ ಜಂಬ ಹತ್ತು ಕಡೆ ಹಂಚಿಹೋಗಿರುತ್ತದೆ. ಸ್ವಲ್ಪ ಇಂಗ್ಲಿಷಿನ ಮೇಲೆ, ಸ್ವಲ್ಪ ಕನ್ನಡಕದ ಮೇಲೆ, ಸ್ವಲ್ಪ ಜೇಬಿಗೆ ಸಿಕ್ಕಿಸಿದ ಪೆನ್ನಿನ ಮೇಲೆ. ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಕೆಳಗಿಟ್ಟ ನನಗೆ ಅಷ್ಟೆಲ್ಲ ಜಾಗ ಎಲ್ಲಿಂದ ಬರಬೇಕು? ಇದ್ದಬದ್ದ ಜಂಬವನ್ನೆಲ್ಲ ಒಂದೇ ಕಡೆ ಪೇರಿಸಿಟ್ಟಿದ್ದೆ. ಅದು ಒಂದು ಹಳಿಯ ತುಂಡು. ಮೊಳದುದ್ದದ ಆ ತುಂಡು ನಮ್ಮ ಸ್ಟೇಷನ್ನಿನ ಮುಂದಿನ ತೊಲೆಗೆ ತಂತಿಯಲ್ಲಿ ನೇತಾಡುತ್ತಿತ್ತು. ಹಿಂದಿನ ಸ್ಟೇಷನ್ನಿನಿಂದ ಗಾಡಿ ಹೊರಟಿತು ಎಂದು ಸಾಹೇಬರು, ಅಂದರೆ ನಮ್ಮ ಸ್ಟೇಷನ್ ಮಾಸ್ಟರು, ಒಳಗಿನಿಂದ ಕೂಗಿದರೆ ಪಾಯಿಂಟ್ಸ್‌ಮನ್ ಆದ ನಾನು ಕಬ್ಬಿಣದ ಸರಳು ತೆಗೆದುಕೊಂಡು ಬಾರಿಸುತ್ತಿದ್ದೆ. ಮೈಸೂರು ಕಡೆಯ ಗಾಡಿಗೆ ಎರಡು ಪೆಟ್ಟು, ಬೆಂಗಳೂರು ಕಡೆಯದಕ್ಕೆ ಮೂರು. ಕೆಂಗೇರಿ ಕಡೆಯ ಸಣ್ಣ ಸ್ಟೇಷನ್ನು ಅದು. ಹೆಸರು ಹೇಳುವುದಿಲ್ಲ, ಸಾಹೇಬರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ.

ಆ ಗಂಟೆ ಗಾಡಿಗಾಗಿ ಇದ್ದದ್ದು ಎಂದು ರೈಲ್ವೆಯವರು ತಿಳಿದಿದ್ದರು. ಸುತ್ತಲಿನ ಜನ ಹಾಗೆ ತಿಳಿದಿರಲಿಲ್ಲ. ಬೆಳಗಿನ ಎರಡು ಪೆಟ್ಟು ಬಿದ್ದರೆ ನನ್ನ ಹೆಂಡತಿ ಸಾವಿತ್ರಿ ಅನ್ನಕ್ಕೆ ಎಸರಿಡುತ್ತಿದ್ದಳು. ಅದೇ ಎರಡು ಪೆಟ್ಟಿಗೆ ಶಾಲೆಯಲ್ಲಿ ಪ್ರಾರ್ಥನೆ ಶುರುವಾಗುತ್ತಿತ್ತು, ಹಾಲಿನವರು ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದರು. ರಾಜಾಜಿನಗರದ ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕಿದ್ದ ನನ್ನ ಭಾಮೈದ ಬಂದಾಗಲೆಲ್ಲ ಅವರ ಸೈರನ್ನಿನ ಪ್ರತಾಪ ಕೊಚ್ಚುತ್ತಿದ್ದ. “ಭಾವ, ನಮ್ ಸೈರನ್ ಕೂಗಿದ್ರೆ ವಿಜಯನಗರದ ತನಕ ಕೇಳ್ಸುತ್ತೆ ಗೊತ್ತಾ?”

“ಕೂಗ್ಸೋದು ಯಾರೋ?”

“ಯಾರೂ ಇಲ್ಲ. ಕರೆಂಟು.”

“ಇಲ್ಲಿ ನಾನು ಕಣೋ,” ಎಂದು ಎದೆ ಮುಟ್ಟಿಕೊಳ್ಳುತ್ತಿದ್ದೆ. ಹತ್ತೊಂಬತ್ತು ವರ್ಷದಲ್ಲಿ ಗಾಡಿಯಿಲ್ಲದೆ ಒಂದು ಪೆಟ್ಟೂ ಹೊಡೆದವನಲ್ಲ. ಗಾಡಿ ತಡವಾದರೆ ಗಂಟೆಯೂ ತಡ, ಅವತ್ತು ಊರಿನ ಅನ್ನವೂ ತಡ. ಯಾರೂ ದೂರುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ ನಾಲ್ಕು ದಿನ ಬಿಡದೆ ಸುರಿಯಿತು. ಮೈಸೂರು ದಾರಿಯಲ್ಲಿ ಮೇಲಿನ ಕೆರೆಯೊಂದರ ಏರಿ ಒಡೆದು, ನೀರು ನಮ್ಮ ಲೈನಿನ ಅಡಿಯ ಜಲ್ಲಿ ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಯಿತು. ನೋಡಿ ಬಂದವರ ಪ್ರಕಾರ ಹಳಿ ಮಾತ್ರ ಎರಡು ದಡಕ್ಕೂ ಅಂಟಿಕೊಂಡು, ಸ್ಲೀಪರುಗಳನ್ನು ಕಟ್ಟಿಕೊಂಡು, ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋಲುತ್ತಿತ್ತಂತೆ. ಅದೇ ಹೊತ್ತಿಗೆ ಉತ್ತರದ ಕಡೆಯಿಂದ ಮೈಸೂರಿಗೆ ಹೊರಟಿದ್ದ ದೂರದ ಗಾಡಿಯೊಂದು ನಮ್ಮ ಸ್ಟೇಷನ್ನಿಗೆ ಬಂದು ನಿಂತಿತು. ನಮ್ಮಲ್ಲಿ ಎಂದೂ ನಿಲ್ಲದೆ, ನಮ್ಮ ಕಡೆ ಕಣ್ಣೆತ್ತಿಯೂ ನೋಡದೆ ಹೋಗುತ್ತಿದ್ದ ಗಾಡಿ ಅದು. ಈಗ ಒಂಬತ್ತು ಬೋಗಿಗಳನ್ನೂ ನಮ್ಮ ಪಕ್ಕದ ಲೈನಿನಲ್ಲಿ ಮಲಗಿಸಿಕೊಂಡು ಬಿದ್ದಿತ್ತು. ನನಗೆ ಒಳಗೊಳಗೆ ಸ್ವಲ್ಪ ಸಮಾಧಾನವಾಯಿತು ಎಂದರೆ ಸುಳ್ಳಲ್ಲ.

ಬಸ್ಸಿಗೆ ಕಳಿಸೋಣವೆಂದರೆ ಮೈಸೂರು ರಸ್ತೆಯ ಮೋರಿಯೂ ಹೋಗಿತ್ತು. ಕೈಚೀಲದವರು ನಡೆದು ಸುತ್ತುಹಾಕಿಕೊಂಡು ಹೋದರು. ಬೆಂಗಳೂರಿನಲ್ಲಿ ನೆಂಟರಿದ್ದವರು ಹಿಂದಕ್ಕೆ ಹೋದರು. ನೆಂಟರೂ ಇಲ್ಲದೆ, ಟ್ರಂಕೂ ಬಿಡಲಾರದೆ ಉಳಿದವರನ್ನು ಬಸವಣ್ಣನ ಗುಡಿಯ ಪಕ್ಕದ ಛತ್ರಕ್ಕೆ ಸೇರಿಸಿದೆವು. ನಾನೇ ಟ್ರಂಕು ಹೊತ್ತೆ, ನಾನೇ ಸೌದೆ ಹೊಂದಿಸಿದೆ. ಸಾವಿತ್ರಿ ಮಜ್ಜಿಗೆ ಕೊಟ್ಟು ಬಂದಳು. ಗಾಡಿಯ ಎಂಜಿನ್ನನ್ನು ಬಿಚ್ಚಿ ಜಲ್ಲಿ ಸಾಗಿಸಲು ಕಳಿಸಿದ್ದರಿಂದ ಅದು ಹಗಲೆಲ್ಲ ಸಿಳ್ಳೆ ಹಾಕುತ್ತ ಹೋಗಿಬಂದು ಮಾಡುತ್ತಿತ್ತು. ಸಿಳ್ಳೆ ಕೇಳಿದಾಗಲೆಲ್ಲ ಜನ ಎದ್ದು ನಿಲ್ಲುವುದನ್ನು ಕಂಡು ಸಾಹೇಬರು ಛತ್ರದ ಮೆಟ್ಟಿಲ ಮೇಲೆ ನಿಂತು ಹೇಳಿದರು. “ಸಿಳ್ಳೆಗೆಲ್ಲ ಏಳ್ಬೇಡಿ. ಲೈನ್ ರಿಪೇರಿ ಆದ್ಮೇಲೆ ನಮ್ ನಂಜುಂಡಪ್ಪ ಎರಡು ಪೆಟ್ಟು ಗಂಟೆ ಹೊಡೀತಾರೆ. ಆವಾಗ ಬಂದ್ರೆ ಸಾಕು.” ಎಲ್ಲರೂ ನನ್ನ ಕಡೆ ತಿರುಗಿದರು. ನಾನು ರುಮಾಲು ಸರಿಮಾಡಿಕೊಂಡೆ.

ಆ ಗುಂಪಿನಲ್ಲಿ ಗದಗಿನ ಕಡೆಯ ವೀರಪ್ಪನವರು ಎಂಬ ಅರಳೆ ವ್ಯಾಪಾರಿ ಮತ್ತು ಅವರ ಮಗಳು ಗಿರಿಜಾ ಇದ್ದರು. ಹುಡುಗಿಗೆ ಮೈಸೂರಿನಲ್ಲಿ ನರ್ಸ್ ತರಬೇತಿಗೆ ಸೀಟು ಸಿಕ್ಕಿತ್ತು. ಇನ್ನು ಎರಡು ದಿನ ಕಳೆದು ಮೂರನೆಯ ದಿನ ಬೆಳಿಗ್ಗೆ ಹತ್ತರೊಳಗೆ ಹಾಜರಾಗದಿದ್ದರೆ ಅದು ಇನ್ನೊಬ್ಬರಿಗೆ ಹೋಗುತ್ತಿತ್ತು. ಅವಳು ಗಳಿಗೆಗೊಮ್ಮೆ ಸ್ಟೇಷನ್ನಿಗೆ ಬಂದು, “ಕಾಕಾ, ಗಾಡಿ ಯಾವಾಗ ಬಿಡ್ತದ್ರಿ?” ಎಂದು ಕೇಳುತ್ತಿದ್ದಳು. ಉತ್ತರ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಇರಲಿಲ್ಲ. ಅದಕ್ಕೇ ಗೋಡೆಗೆ ತಗುಲಿಹಾಕಿದ್ದ ಬೆತ್ತದ ದೊಡ್ಡ ಬಳೆಯನ್ನು ತೋರಿಸಿದೆ. “ನೋಡಮ್ಮ, ಈ ಬಳೆಗೆ ಕಟ್ಟಿರೋ ಚರ್ಮದ ಚೀಲದಲ್ಲಿ ಒಂದು ಗುಂಡು ಹಾಕಿ ಕೊಡ್ತಾರೆ. ಟೋಕನ್ ಅಂತೀವಿ. ಇದು ಡ್ರೈವರ್ ಕೈಗೆ ಹೋಗದೆ ಗಾಡಿ ಒಂದು ಗಾಲಿ ಉರುಳ್ಸೋ ಹಾಗಿಲ್ಲ. ಅದನ್ನ ಕೊಡೋನು ನಾನು. ಗಂಟೆ ಹೊಡೆಯೋನೂ ನಾನು. ನನ್ ಗಂಟೆ ಸುಳ್ಳು ಹೇಳಲ್ಲ, ನೀನು ಆರಾಮಾಗಿರು.”

ಹುಡುಗಿ ನಂಬಿದಳು. ಆಡಿದ ಮಾತಿಗೆ ಒಂದು ದಿನವೂ ಪೂರ್ತಿ ಆಯಸ್ಸಿರಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮ ಶಾಲೆಯ ಹೆಡ್‌ಮೇಷ್ಟ್ರು ಕೊಡೆ ಹಿಡಿದುಕೊಂಡು ಬಂದರು. ನನ್ನ ಸ್ಲೇಟು ಕೆಳಗಿಡಿಸಿದವರು ಅವರೇ. “ನಿನ್ನ ಕೈಲಿ ಏನೂ ಆಗಲ್ಲ ಕಣೋ, ಹೋಗಿ ಕಬ್ಬಿಣ ಕುಟ್ಟು” ಎಂದು ಅಂದು ಆಡಿದ ಮಾತನ್ನು ನಾನು ಅಕ್ಷರಶಃ ಪಾಲಿಸಿಕೊಂಡು ಬಂದಿದ್ದೆ. ಅಂಥವರು ಈಗ ನನ್ನೆದುರು ನಿಂತು ಕೆಮ್ಮಿದರು.

“ನಂಜುಂಡಪ್ಪನವರೇ, ಒಂದು ಉಪಕಾರ ಆಗ್ಬೇಕಿತ್ತು.”

ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ‘ನಂಜುಂಡಪ್ಪನವರು’ ನಾನೇ.

“ಗಂಟೆ ನಿಂತು ಎರಡು ದಿನ ಆಯ್ತು. ಮಕ್ಕಳು ಅವರವರ ಹೊತ್ತಿಗೆ ಬರ್ತಾ ಇದಾವೆ. ಕೇಳಿದ್ರೆ, ಗಂಟೆ ಆಗಿಲ್ವಲ್ಲ ಸಾರ್ ಅಂತಾವೆ. ಗಾಡಿ ಇಲ್ದಿದ್ರೆ ಏನಂತೆ, ಮಾಮೂಲಿ ಹೊತ್ತಿಗೆ ಎರಡು ಪೆಟ್ಟು ಹಾಕ್ಬಿಡಿ.”

ಸಾವಿತ್ರಿಯೂ ಹಿಂದಿನ ರಾತ್ರಿಯಿಂದ ಅದನ್ನೇ ಹೇಳುತ್ತಿದ್ದಳು. “ಅನ್ನ ಒಂದು ದಿನ ಸೀದೋಯ್ತು, ಇನ್ನೊಂದು ದಿನ ಬೇಯಲೇ ಇಲ್ಲ. ಬಾರ್ಸೋಕೇನ್ರೀ ನಿಮ್ಗೆ ಕಷ್ಟ?” ಆದರೆ ಅನ್ನಕ್ಕೆ ಕರಗದವನು ಆ ‘ಅವರೇ’ಗೆ ಕರಗಿದೆ. ಸಾಹೇಬರು ಸ್ನಾನಕ್ಕೆ ಹೋಗಿದ್ದರು. ಮೇಷ್ಟ್ರು ನೋಡುತ್ತಿದ್ದಂತೆ ಸರಳು ಎತ್ತಿ, ಎಂದಿಗಿಂತ ಸ್ವಲ್ಪ ಜೋರಾಗಿಯೇ, ಎರಡು ಪೆಟ್ಟು ಹಾಕಿದೆ. ಛತ್ರದವರಿಗೆ ಹೇಳಿದ್ದ ಮಾತು ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇರಲೇ ಇಲ್ಲ. ತಲೆಯ ತುಂಬ ‘ನಂಜುಂಡಪ್ಪನವರು’ ಕೂತಿದ್ದರು.

ಮೊದಲು ಮಕ್ಕಳ ಪ್ರಾರ್ಥನೆ ಕೇಳಿಸಿತು. ಆಮೇಲೆ ಛತ್ರದ ಕಡೆಯಿಂದ ಒಂದು ಸದ್ದು. ನೋಡಿದರೆ ಕೆಸರಿನಲ್ಲಿ ಇಡೀ ಛತ್ರವೇ ಓಡಿ ಬರುತ್ತಿದೆ. ಒಬ್ಬರ ಕೈಯಲ್ಲಿ ಉಪ್ಪಿಟ್ಟಿನ ಎಲೆ, ಇನ್ನೊಬ್ಬರ ತಲೆಯ ಮೇಲೆ ಹಾಸಿಗೆ ಸುರುಳಿ, ಒಬ್ಬಾಕೆ ಹಿಂಡದ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ನೀರು ಸುರಿಸುತ್ತ. ಎಲ್ಲರಿಗಿಂತ ಮುಂದೆ ಗಿರಿಜಾ, ಟ್ರಂಕಿನ ಒಂದು ಹಿಡಿ ಅವಳ ಕೈಯಲ್ಲಿ, ಇನ್ನೊಂದು ವೀರಪ್ಪನವರ ಕೈಯಲ್ಲಿ. ಅವರು ಕ್ಷೌರಕ್ಕೆ ಕೂತಿದ್ದವರು ಹಾಗೇ ಎದ್ದು ಬಂದಿದ್ದರು. ಎಡಗೆನ್ನೆ ನುಣ್ಣಗೆ, ಬಲಗೆನ್ನೆಯ ಮೇಲೆ ಸೋಪಿನ ನೊರೆ. ಬಂದವರೆಲ್ಲ ಎಂಜಿನ್ನಿಲ್ಲದ ಗಾಡಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಎಲ್ಲಿ ಐತ್ರಿ ಗಾಡಿ?” ಎಂದರು ವೀರಪ್ಪನವರು.

“ಅದು… ಶಾಲೆಗೆ ಹೊಡೆದಿದ್ದು.”

“ಸಾಲಿಗೆ?” ಅವರು ನೊರೆಯನ್ನು ಅಂಗೈಯಿಂದ ಒರೆಸಿಕೊಂಡರು. “ನಮ್ಮನ್ನೂ ಒಂದನೇತ್ತಕ್ಕ ಸೇರಿಸಿಬಿಡ್ರಿ ಹಂಗಾರ.”

ಗಿರಿಜಾ ಟ್ರಂಕಿನ ಮೇಲೆ ಕೂತು ಉಸಿರು ಬಿಟ್ಟಳು. ಅವಳೂ ನಾಲ್ಕು ಮಾತು ಅಂದಿದ್ದರೆ ವಾಸಿಯಿತ್ತು. ಮೇಷ್ಟ್ರು ಯಾವಾಗ ಹೊರಟುಹೋಗಿದ್ದರೋ ತಿಳಿಯದು, ಕೊಡೆ ಮಾತ್ರ ದೂರದಲ್ಲಿ ಕಂಡಿತು. ಸಾಹೇಬರು ಒದ್ದೆ ಮೈಯಲ್ಲಿ, ಟವೆಲಿನಲ್ಲೇ ಬಂದು ಅಂದದ್ದನ್ನು ಇಲ್ಲಿ ಹೇಳುವ ಹಾಗಿಲ್ಲ.

ಅದರ ಮಾರನೆಯ ದಿನ ಮಧ್ಯಾಹ್ನ ಲೈನು ಸರಿಯಾಯಿತು. ಎಂಜಿನ್ ಬಂದು ಬೋಗಿಗಳಿಗೆ ಕೂಡಿಕೊಂಡಿತು. ನಿಧಾನವಾಗಿ ಹೋಗಲು ಅಪ್ಪಣೆಯೂ ಬಂತು. ಗಿರಿಜಾಳ ಪಾಲಿಗೆ ಇದೇ ಕೊನೆಯ ಗಾಡಿ. ಸಾಹೇಬರು ಟೋಕನ್ ಗುಂಡನ್ನು ಚೀಲಕ್ಕೆ ಹಾಕಿ ಕೊಟ್ಟರು. ಬಳೆಯನ್ನು ಹೆಗಲಿಗೆ ಸಿಕ್ಕಿಸಿಕೊಂಡು, ಸರಳು ತೆಗೆದುಕೊಂಡು, ಎರಡು ಪೆಟ್ಟು ಹೊಡೆದೆ. ನಿಂತೆ. ಛತ್ರದ ಕಡೆಯಿಂದ ಒಂದು ನಾಯಿ ಬಂತು. ಮತ್ತೆ ಹೊಡೆದೆ. ನಾಯಿಯೂ ಹೋಯಿತು.

“ಹೋಗಿ ಕರ್ಕೊಂಡ್ ಬಾರಯ್ಯ!” ಎಂದು ಸಾಹೇಬರು ಒಳಗಿನಿಂದ ಕಿರುಚಿದರು. “ಹತ್ತು ನಿಮಿಷದಲ್ಲಿ ಗಾಡಿ ಬಿಡ್ಬೇಕು, ಜನ ಬರ್ಲಿ ಬಿಡ್ಲಿ!”

ಓಡಿದೆ. ಗೇಟು ದಾಟಿ, ಕೆಸರು ದಾಟಿ, ಛತ್ರದ ಜಗುಲಿಗೆ ಬಂದರೆ ಅಲ್ಲಿ ಚೌಕಾಬಾರ ನಡೆಯುತ್ತಿದೆ. ವೀರಪ್ಪನವರು ಕವಡೆ ಕೈಯಲ್ಲಿ ಕುಲುಕುತ್ತ ತಲೆಯೆತ್ತದೆ ಹೇಳಿದರು. “ಸಾಲಿ ಬಿಡ್ತೇನ್ರಿ?”

“ಸ್ವಾಮಿ, ಗಾಡಿ ಹೊರಡ್ತಾ ಇದೆ. ನಿಜವಾಗ್ಲೂ. ಏಳಿ!”

“ನಿನ್ನಿ ಅರ್ಧಾ ಗಡ್ಡ ಬಿಟ್ಟು ಓಡೀನಿ. ಆ ಹಜಾಮ ನನ್ನ ಕಂಡ್ರ ಇನ್ನೂ ನಗ್ತಾನ. ಇವತ್ತ ಬ್ಯಾಡ್ರೀಪಾ.”

“ಬಸವಣ್ಣನಾಣೆ!”

“ಅಂವಾ ಇಲ್ಲೇ ಬಾಜೂಕ ಅದಾನ, ಅಂವನ್ನ ಯಾಕ ಎಬ್ಬಸ್ತೀರಿ?”

ಜಗುಲಿಯೆಲ್ಲ ನಕ್ಕಿತು. ಹತ್ತೊಂಬತ್ತು ವರ್ಷ ಒಂದು ಊರನ್ನೇ ಎಬ್ಬಿಸಿ ಕೂರಿಸಿದವನು, ನಾಲ್ಕು ಜನ ಚೌಕಾಬಾರದವರನ್ನು ಎಬ್ಬಿಸಲಾರದೆ ನಿಂತಿದ್ದೆ. ಅಷ್ಟರಲ್ಲಿ ಒಳಗಿನಿಂದ ಗಿರಿಜಾ ಬಂದಳು. ನನ್ನ ಮುಖ ನೋಡಲಿಲ್ಲ. ಮುಖಕ್ಕೆ ಬೆಲೆ ಇರಲಿಲ್ಲ ಅನ್ನಿ. ಹೆಗಲು ನೋಡಿದಳು.

“ಅಪ್ಪಾ, ಏಳು! ಅವರ ಹೆಗಲ ಮ್ಯಾಲೆ ಬಳಿ ಐತಿ! ಚೀಲದಾಗ ಗುಂಡೂ ಐತಿ!”

ಆಗ ನಾನೂ ನೋಡಿಕೊಂಡೆ. ಡ್ರೈವರಿಗೆ ಕೊಡಬೇಕಾದ ಟೋಕನ್ನನ್ನು ಹೆಗಲಿಗೆ ಹಾಕಿಕೊಂಡೇ ಓಡಿ ಬಂದಿದ್ದೆ. ಅದನ್ನು ಸ್ಟೇಷನ್ ಬಿಟ್ಟು ಆಚೆ ತರುವುದೆಂದರೆ ಗುಡಿಯ ದೇವರನ್ನು ಸಂತೆಗೆ ಹೊತ್ತು ತಂದಷ್ಟೇ ದೊಡ್ಡ ತಪ್ಪು. ಆದರೆ ವೀರಪ್ಪನವರ ಕೈಯಿಂದ ಕವಡೆ ಬಿತ್ತು. ಆಮೇಲೆ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಟ್ರಂಕಿನ ಒಂದು ಹಿಡಿ ನಾನು ಹಿಡಿದೆ, ಇನ್ನೊಂದನ್ನು ಗಿರಿಜಾ. ಸ್ಟೇಷನ್ನಿಗೆ ಬಂದರೆ ಸಾಹೇಬರು ಮೇಜಿನ ಕೆಳಗೆ, ಡ್ರೈವರು ಬೆಂಚಿನ ಕೆಳಗೆ ಟೋಕನ್ ಹುಡುಕುತ್ತಿದ್ದರು. ಹತ್ತು ನಿಮಿಷ ಎಂದೋ ಮುಗಿದಿತ್ತು. ಗಾಡಿ ಬಿಡುವ ಅಪ್ಪಣೆ ನನ್ನ ಹೆಗಲ ಮೇಲಿದ್ದಾಗ ಅದು ಯಾರನ್ನು ಬಿಟ್ಟು ಎಲ್ಲಿಗೆ ಹೋದೀತು?

ಗಾಡಿ ಹೊರಟಿತು. ಮರುವಾರ ಒಂದು ಕಾರ್ಡು ಬಂತು. ಗಿರಿಜಾ ಅರ್ಧ ಗಂಟೆ ಮುಂಚೆಯೇ ಹಾಜರಾಗಿದ್ದಳು. ಅದಕ್ಕೂ ಮುಂಚೆ ನನಗೆ ಮೇಲಿನವರಿಂದ ಒಂದು ನೋಟೀಸು ಬಂದಿತ್ತು. ಸುಳ್ಳು ಗಂಟೆಗೊಂದು, ಟೋಕನ್ನಿಗೊಂದು, ಎರಡು ವಿವರಣೆ ಬರೆದು ಕೊಡಬೇಕಂತೆ. ಮೇಷ್ಟ್ರ ಮನೆಗೆ ಹೋದೆ. ಅವರು ಮರುಮಾತಿಲ್ಲದೆ ಕೂತು ಎರಡು ಪುಟ ಬರೆದರು. ಸಾಹೇಬರು ಓದಿ, “‘ಶಾಲಾ ಮಕ್ಕಳ ಹಿತದೃಷ್ಟಿಯಿಂದ’ ಅಂತ ನೀನೇ ಬರೆದ್ಯೇನಯ್ಯ?” ಎಂದರು. “ಹೌದು ಸಾರ್.” “ಕಾಗುಣಿತ ಚೆನ್ನಾಗಿದೆ,” ಎಂದು ಮುಂದೆ ಕೇಳದೆ ಮೇಲಕ್ಕೆ ಕಳಿಸಿದರು. ಮೇಲಿನವರು ಎಚ್ಚರಿಕೆ ಕೊಟ್ಟು ಬಿಟ್ಟರು. ಬೆಳಗಿನ ಎರಡು ಪೆಟ್ಟಿಗೆ ಊರು ಮತ್ತೆ ಎಸರಿಡತೊಡಗಿತು. ಜನ ಇಂಥದ್ದನ್ನು ಬೇಗ ಮರೆಯುತ್ತಾರೆ.

ಮರೆಯದವಳು ಸಾವಿತ್ರಿ. ಅಂದಿನಿಂದ ನಾನು ಏನು ಹೇಳಿದರೂ, ನಾಳೆ ಸಂತೆಗೆ ಹೋಗ್ತೀನಿ ಎಂದರೂ, ಬೀಡಿ ಬಿಟ್ಟೆ ಎಂದರೂ, ಒಲೆಯ ಮುಂದಿನಿಂದ ಒಂದೇ ಪ್ರಶ್ನೆ. “ಗಾಡಿ ಇದ್ಯೇನ್ರೀ, ಇಲ್ಲ ಬರೀ ಗಂಟೆನಾ?” ಮೊನ್ನೆ ಮಳೆ ಹಿಡಿದು ಅಡುಗೆಮನೆ ಸೋರತೊಡಗಿತು. ಇವತ್ತು ಹೆಂಚು ಸರಿಮಾಡೇ ಮಾಡ್ತೀನಿ ಎಂದೆ. ಅವಳು ತಿರುಗಿ ಬಾಯಿ ತೆರೆಯುವುದರೊಳಗೆ ಹಿತ್ತಿಲಿಗೆ ಹೋಗಿ, ಏಣಿಯನ್ನು ಹೆಗಲ ಮೇಲೆ ಇಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತೆ. ಅವಳು ನನ್ನ ಮುಖ ನೋಡಲಿಲ್ಲ, ಹೆಗಲು ನೋಡಿದಳು.

“ಸರಿ, ಹತ್ತಿ,” ಎಂದಳು.