ಅಕ್ಕನೇ ಒಪ್ಪಿಗೆ!

ನಾನು ಬರೆದ ಕಾಗದಕ್ಕೆ ಎರಡು ಅರ್ಥ ಬರುವುದಿಲ್ಲ. ಇದು ನನ್ನ ಜಂಬವಲ್ಲ. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ನಾನು ಗುಮಾಸ್ತನಾಗಿದ್ದಾಗ ನಮ್ಮ ಸಾಹೇಬರೇ ಹೇಳಿದ ಮಾತು. ಆದ್ದರಿಂದ ಹರಿಹರದ ಹೆಣ್ಣನ್ನು ಒಪ್ಪಿದ ಸುದ್ದಿಯನ್ನು ನಾನೇ ಬರೆಯುತ್ತೇನೆಂದು ಸೋದರಮಾವನ ಕೈಯಿಂದ ಕಾರ್ಡು ಕಸಿದುಕೊಂಡೆ.

ಹೆಣ್ಣಿನ ಹೆಸರು ಗಿರಿಜಾ. ನೋಡಲು ಹೋದ ದಿನ, ಮಂಡಕ್ಕಿಯ ಜೊತೆ ಕೊಟ್ಟ ಮೆಣಸಿನಕಾಯಿ ಕಚ್ಚಿ ನನ್ನ ಕಣ್ಣು ಮೂಗು ಎರಡೂ ಸುರಿಯತೊಡಗಿದಾಗ ಪಕ್ಕದಲ್ಲಿದ್ದ ಅವಳ ತಂಗಿ ಕಿಸಕ್ಕನೆ ನಕ್ಕಳು. ಗಿರಿಜಾ ನಗಲಿಲ್ಲ. ಬೆಲ್ಲದ ತಟ್ಟೆಯನ್ನು ಮೆಲ್ಲಗೆ ನನ್ನತ್ತ ಸರಿಸಿದಳು. ನಾನು ಅಲ್ಲೇ ಸೋತೆ! ಒಳಗಿನಿಂದ ಅವರ ತಾಯಿ "ಅಕ್ಕಾ, ನೀರು ತಗೊಂಡು ಹೋಗು" ಎಂದು ಕೂಗಿದರು. ಎದ್ದು ಹೋದವಳು ತಂಗಿ. ಅದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ನೋಡಪ್ಪಾ, ಹಿಂದೆ ಒಬ್ಬ ಗಿರಿಜಾನ್ನ ನೋಡಾಕ ಬಂದು, ತಂಗೀನ ಕೊಡ್ರಿ ಅಂದಿದ್ನಂತೆ. ಹುಡುಗಿ ಭಾಳ ನೊಂದೈತೆ. ಬಿಡಿಸಿ ಬರಿ," ಎಂದರು ಮಾವ.

ಕಾರ್ಡು ಎಂದರೆ ಅಂಚೆಯವನಿಂದ ಹಿಡಿದು ಓಣಿಯವರೆಲ್ಲ ಓದುವ ವಸ್ತು. ಅದರಲ್ಲಿ ಹೆಣ್ಣುಮಗಳ ಹೆಸರು ಬರೆಯುವುದು ಮರ್ಯಾದೆಯೇ? ಆದ್ದರಿಂದ ಹೀಗೆ ಬರೆದೆ: "ನನಗೆ ಅಕ್ಕನೇ ಒಪ್ಪಿಗೆ. ಇನ್ನೊಬ್ಬರ ವಿಚಾರವನ್ನು ದಯಮಾಡಿ ಎತ್ತಬಾರದಾಗಿ ಪ್ರಾರ್ಥನೆ." ಎಷ್ಟು ಸ್ಪಷ್ಟ!

ಹದಿನೈದು ದಿನವಾದರೂ ಉತ್ತರವಿಲ್ಲ. ಊಟ ಸೇರದಾಯಿತು. ಮಿಲ್ಲಿನ ಪತ್ರವೊಂದರಲ್ಲಿ "ಹತ್ತಿಯನ್ನು ಜರೂರಾಗಿ ಕಳಿಸುವುದು" ಎಂದು ಬರೆಯುವ ಬದಲು "ಗಿರಿಜಾಳನ್ನು ಜರೂರಾಗಿ ಕಳಿಸುವುದು" ಎಂದು ಬರೆದೆ. ಸಾಹೇಬರು ನನಗೆ ರಜೆ ಕೊಟ್ಟರು.

ಹೂವಿನ ಪೊಟ್ಟಣ ಹಿಡಿದು ಹರಿಹರದ ರೈಲು ಹತ್ತಿದೆ. ಬಾಗಿಲು ತೆರೆದವಳು ತಂಗಿ. ಬರ್ರಿ ಎನ್ನಲಿಲ್ಲ, ಕೂಡ್ರಿ ಎನ್ನಲಿಲ್ಲ.

"ನಿಮ್ಮ ಕಾರ್ಡಿಗೆ ಉತ್ತರ ಬರಿಬ್ಯಾಡ ಅಂತ ಅಪ್ಪಂಗೆ ನಾನೇ ಹೇಳಿದ್ದು. ಗಿರಿಜಕ್ಕನ್ನ ಬಿಟ್ಟು ನನ್ನ ಕೇಳಾಕ ನಾಚಿಕಿ ಆಗಲಿಲ್ಲೇನ್ರಿ?"

"ನಾನು ಕೇಳಿದ್ದು ಅಕ್ಕನ್ನ ರೀ!"

"ಅದನ್ನೇ ಹೇಳಾಕತ್ತೀನಲ್ರಿ, ಅಕ್ಕ ನಾನು!"

"ನೀವು ತಂಗಿ ಅಲ್ಲೇನ್ರಿ?"

"ತಂಗೀನೇ! ಹೆಸರು ಅಕ್ಕಮ್ಮ. ನಮ್ಮಜ್ಜಿ ಹೆಸರು. ಮನ್ಯಾಗೂ ಅಕ್ಕ, ಓಣ್ಯಾಗೂ ಅಕ್ಕ!"

ಪೊಟ್ಟಣ ಕೈಯಿಂದ ಜಾರಿತು. ಹಾಗಾದರೆ ಆ 'ಇನ್ನೊಬ್ಬರು' ಗಿರಿಜಾ! ಒಮ್ಮೆ ನೊಂದವಳ ವಿಚಾರವನ್ನೇ ಎತ್ತಬೇಡಿ ಎಂದು ನಾನು ದುಂಡಾದ ಅಕ್ಷರಗಳಲ್ಲಿ ಓಣಿಗೆಲ್ಲ ಸಾರಿದ್ದೆ!

"ಅಯ್ಯೋ, ನಾನು ಕೇಳಿದ್ದು ಗಿರಿಜಾನ್ನ! ಗಿರಿಜಾನ್ನ!" ಎಂದು ಕೂಗಿಬಿಟ್ಟೆ. ಮರ್ಯಾದೆಗೆಂದು ಕಾರ್ಡಿನಲ್ಲಿ ಬರೆಯದೆ ಬಿಟ್ಟ ಹೆಸರು ಈಗ ನಾಲ್ಕು ಮನೆಗೆ ಕೇಳಿಸಿತು. ಎದುರುಮನೆಯಾಕೆ ಕಿಟಕಿ ತೆರೆದು ನಿಂತಳು.

ಒಳಗೆ ಯಾರೋ ನಕ್ಕರು. ಗಿರಿಜಾ ಹೊರಗೆ ಬಂದಳು. ಅತ್ತು ಕೆಂಪಾದ ಕಣ್ಣು, ಬಾಯ್ತುಂಬ ನಗು.

"ಅಕ್ಕಾ, ಇವರಿಗೆ ಬೆಲ್ಲ ತಾ," ಎಂದಳು ತಂಗಿಗೆ.

ಎಷ್ಟು ಸಂತೋಷವಾಯಿತೆಂದರೆ, ಈ ಸಲ ಮೆಣಸಿನಕಾಯಿ ಇಲ್ಲದೆಯೇ ನನ್ನ ಕಣ್ಣು ಸುರಿಯಿತು.

ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯ ಒಕ್ಕಣೆಯನ್ನು ನಾನೇ ಬರೆಯುತ್ತೇನೆಂದೆ. ಗಿರಿಜಾಳ ತಂದೆ "ಬ್ಯಾಡ್ರಿ!" ಎಂದು ಎರಡೂ ಕೈ ಮುಗಿದರು. ಅಕ್ಕಮ್ಮ ಬರೆದಳು. ಒಂದಾದರೂ ತಪ್ಪು ಸಿಗಲಿ ಎಂದು ಮೂರು ಸಲ ಓದಿದೆ.

ಸಿಗಲಿಲ್ಲ!