ಮಂಗನಿಗೆ ಸಿಕ್ಕಿದ ವೀಸಾ

ಮಂಗನನ್ನು ಕಂಡು ಹೊಟ್ಟೆಕಿಚ್ಚು ಪಟ್ಟವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ತಿಳಿಯದು. ನಾನಂತೂ ಪಟ್ಟಿದ್ದೇನೆ. ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ಎಂಬತ್ತರ ದಶಕದಲ್ಲಿ ನಾನಿದ್ದದ್ದು ಸೌದಿ ಅರೇಬಿಯಾದಲ್ಲಿ. ನಮ್ಮ ನಗರದ ಬಹಳ ಹಳೆಯ ಮೃಗಾಲಯವನ್ನು ಒಡೆದು ಪರಿಸರ ಉದ್ಯಾನ ಮಾಡುವ ಗುತ್ತಿಗೆ ಸಿಕ್ಕಿದ ಕಂಪನಿಗೆ ನಾನು ಗುಮಾಸ್ತ. ಪಂಜರಗಳೆಲ್ಲ ಗುಜರಿಗೆ ಹೋದವು. ಮರಳಿನಲ್ಲಿ ಮರ ನೆಟ್ಟರು, ಕೊಳ ತೋಡಿದರು. ಪ್ರಾಣಿಗಳು ಇನ್ನು ಮುಂದೆ ಕಾಡಿನಲ್ಲಿದ್ದ ಹಾಗೆಯೇ ಇರಬೇಕಂತೆ. ಕ್ಯಾಂಪಿನ ಕೋಣೆಯಲ್ಲಿ ಮಂಚದ ಮೇಲೆ ಮಂಚ ಹಾಕಿ ಮಲಗುತ್ತಿದ್ದ ನಮಗೆ ಈ ಮಾತು ಕೇಳಿಯೇ ಮೈ ಉರಿಯಿತು.

ಅಲ್ಲೊಂದು ಒಂಟಿ ಚಿಂಪಾಂಜಿ ಇತ್ತು. ಪಂಜರ ಹೋದ ಮೇಲೂ ಮೂಲೆ ಬಿಡಲಿಲ್ಲ, ಬಾಳೆಹಣ್ಣು ಮುಟ್ಟಲಿಲ್ಲ. ಹೊರದೇಶದಿಂದ ಬಂದ ಡಾಕ್ಟರು, ಇದಕ್ಕೆ ಜೊತೆ ಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದುಬಿಟ್ಟರು. ಸರಿ, ನಮ್ಮ ಮ್ಯಾನೇಜರರ ಸಹಿಯಲ್ಲಿ ಟೆಲೆಕ್ಸ್ ಮೇಲೆ ಟೆಲೆಕ್ಸ್ ಹೋಯಿತು. ಕಾಗದಪತ್ರವೆಲ್ಲ ಟೈಪ್ ಮಾಡಿದವನು ನಾನೇ. ಚಳಿಗಾಲ ಮುಗಿಯುವುದರೊಳಗೆ ವಧು ವಿಮಾನದಲ್ಲಿ ಬಂದಿಳಿದಳು. ಎ.ಸಿ. ವ್ಯಾನ್ ತೆಗೆದುಕೊಂಡು ಎದುರುಗೊಳ್ಳಲು ಹೋದವನೂ ನಾನೇ.

ನನ್ನ ಹೆಂಡತಿ ಲಿಲ್ಲಿಯನ್ನೂ ಮಗಳನ್ನೂ ಉಡುಪಿಯಿಂದ ಕರೆಸಲು ಕೊಟ್ಟ ಅರ್ಜಿ ಮಾತ್ರ ಅದೇ ಮ್ಯಾನೇಜರರ ಮೇಜಿನ ಮೇಲೆ ವರ್ಷಗಟ್ಟಲೆ ಬಿದ್ದಿತ್ತು. ಗುಮಾಸ್ತನ ಹುದ್ದೆಗೆ ಫ್ಯಾಮಿಲಿ ವೀಸಾ ಇಲ್ಲವಂತೆ. ಉದ್ಯಾನ ತೆರೆದ ಮೇಲೆ ನೋಡಲು ಹೋದರೆ, ಇವತ್ತು ಫ್ಯಾಮಿಲಿಯವರ ದಿನ, ಒಂಟಿ ಗಂಡಸರಿಗೆ ಪ್ರವೇಶವಿಲ್ಲ ಎಂದು ಗೇಟಿನಿಂದಲೇ ಓಡಿಸಿದರು. ಒಳಗೆ ಚಿಂಪಾಂಜಿ ಮಾತ್ರ ಫ್ಯಾಮಿಲಿ ಸಮೇತ ಕೂತಿತ್ತು, ದರಿದ್ರದ್ದು! ಈ ಸಂಕಟವನ್ನೆಲ್ಲ ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಕಳಿಸಿದೆ. ಮಂಗನಿಗೆ ಸಿಕ್ಕಿದ್ದು ನಮಗೆ ಯಾಕಿಲ್ಲ, ಬಾಯಿಬಿಟ್ಟು ಒಮ್ಮೆ ಕೇಳಿ ಎಂದು ಲಿಲ್ಲಿಯ ಕ್ಯಾಸೆಟ್ ಬಂತು. ಹಿಂದೆಯೇ ಮಗಳ ಅಳು.

ಕೇಳಿಯೇಬಿಟ್ಟೆ. ಮ್ಯಾನೇಜರು ಭಟ್ಕಳದವರು, ಕೆಟ್ಟವರೇನಲ್ಲ. ಕನ್ನಡಕ ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಆ ಪ್ರಾಣಿ ಒಂಟಿಯಾದ್ರೆ ಸಾಯ್ತದೆ ಮಾರಾಯ. ನೀನು ಇಷ್ಟು ವರ್ಷ ಒಬ್ಬನೇ ಇದ್ದೀಯಲ್ಲ, ನಿನಗೆ ಎಂತ ಆಗಿದೆ?"

ಅನ್ನ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಮಗಳು ಫೋಟೋಕ್ಕೆ ಅಪ್ಪ ಅನ್ನುತ್ತಾಳೆ. ಹೇಳಲು ಬೇಕಾದಷ್ಟಿತ್ತು. ಆದರೆ ಪರದೇಶದಲ್ಲಿ ಕೂತು ಊರವರಿಗೆ ಕ್ಷೇಮಸಮಾಚಾರ ಹೇಳಿ ಹೇಳಿ ರೂಢಿಯಾದ ಹಾಳು ನಾಲಿಗೆ ನೋಡಿ, ತನಗೆ ಗೊತ್ತಿದ್ದದ್ದನ್ನೇ ಹೇಳಿತು.

"ಎಂತ ಇಲ್ಲ ಸರ್, ಆರಾಮಾಗಿದ್ದೇನೆ."

"ಮತ್ತೆಂತ?" ಎಂದು ಅವರು ಫೈಲು ಮುಚ್ಚಿದರು.